ಮೂಡಬಿದಿರೆಯ ಓಲೆಯೂ ಇಂದಿನ ವಿದ್ವದ್ಗ್ರಂಥಗಳೂ

ನಮ್ಮ ನಾಡಿನ ತತ್ತ್ವವಿಚಾರ, ರಾಜನೀತಿ, ಮತಸಿದ್ಧಾಂತಗಳ ಚರಿತ್ರೆಯನ್ನು ಕುರಿತು ಕಳೆದ ಇಪ್ಪತ್ತು ವರುಷಗಳಲ್ಲಿ ಹೊರಬಂದಿರುವ ಪ್ರೌಢಗ್ರಂಥಗಳನ್ನು ಯಾರಾದರೂ ಒಂದು ಕಡೆ ಪಟ್ಟಿಮಾಡಿ ನೋಡಿದರೆ ಅವರಿಗೆ ಹರ್ಷವೂ ಖೇದವೂ ಒಡನೊಡನೆ ಉಂಟಾಗದೆ ಇರವು. ವ್ಯಾಸತೀರ್ಥರ ತರ್ಕ, ಕೌಟಿಲ್ಯನ ದಂಡನೀತಿ, ನೃಪತುಂಗನ ಆಸ್ಥಾನದ ಕಾವ್ಯಮೀಮಾಂಸೆ, ಹರಿಹರನ ರಗಳೆಗಳಲ್ಲಿಯ ಭಕ್ತಿ, ಮೈಸೂರು ಸಂಸ್ಥಾನದ ರಾಜ್ಯಪದ್ಧತಿ, ಇವುಗಳಲ್ಲಿ ಒಂದೊಂದನ್ನೂ ಕುರಿತು ವರುಷಗಟ್ಟಲೆ ಶ್ರಮಿಸಿ ಬರೆದ ಪುಸ್ತಕಗಳು ಲೋಕದ ಹೆಸರಾಂತ ವಿಶ್ವವಿದ್ಯಾನಿಲಯಗಳ ಮುದ್ರಣಾಲಯಗಳಿಂದ ಬರುತ್ತಲಿವೆ. ನಮ್ಮ ಪೂರ್ವಿಕರಿಗೆ ಆಚಾರವಿತ್ತು, ವಿಚಾರವಿರಲಿಲ್ಲವೆಂದು ಪರಕೀಯರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ ಕಾಲ ಕಳೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದು ಹರ್ಷದ ಮಾತು. ಆದರೆ ಆ ಪಟ್ಟಿಯಲ್ಲಿಯ ಗ್ರಂಥಗಳು ಬಹುಮಟ್ಟಿಗೆ ಎಲ್ಲವೂ ಇಂಗ್ಲಿಷಿನಲ್ಲಿವೆ. ಹಲವಕ್ಕೆ ಇಟ್ಟಿರುವ ಬೆಲೆಯನ್ನು ಕಂಡರೆ ಒಬ್ಬ ಉಪಾಧ್ಯಾಯನು ತನ್ನ ತಿಂಗಳ ಸಾಮಾನಿನ ಚೀಟಿಯನ್ನು ನೆನೆದು ಪುಸ್ತಕವನ್ನು ಮೆಲ್ಲನೆ ಕೆಳಗಿಡಬೇಕು. ಖೇದ ಅಲ್ಲಿಂದ ಆರಂಭವಾಗುತ್ತದೆ.

ಬಿ.ಸಿ.ರೋಡಿನ ಕೂಡುರಸ್ತೆಯಲ್ಲಿ ನಿಂತು ನೋಡುವವರಿಗೆ ಈ ಮಾತಿನ ಅರ್ಥ ಸುಲಭವಾಗಿ ಹೊಳೆಯುವುದು. ಬೆಳ್ತಂಗಡಿಯವರು, ವಿಟ್ಲದವರು, ಪಾಣೆಮಂಗಳೂರಿನವರು ಮಂಗಳೂರಿಗೆ ಹೋಗಲೂ ತಾಲೂಕು ಕಚೇರಿಯ, ನ್ಯಾಯಾಲಯದ ಕೆಲಸಕ್ಕೆ ಬರಲೂ ಇಲ್ಲಿಯೇ ಬಸ್ಸು ಇಳಿಯಬೇಕು. ಅವರಲ್ಲಿ ವಕೀಲರುಂಟು, ಶಾನುಭೋಗರ ಮನೆತನದವರುಂಟು, ಕಾಲೇಜಿನ ಅಧ್ಯಾಪಕರುಂಟು, ತಾಳಮದ್ದಳೆಯ ಅರ್ಥಧಾರಿಗಳುಂಟು. ಈ ಕೊನೆಯವರನ್ನು ನಾವು ಬೇಕೆಂದೇ ಹೆಸರಿಸಿದ್ದೇವೆ. ಕರ್ಣನ ಪಕ್ಷವನ್ನೋ ಕೃಷ್ಣನ ಪಕ್ಷವನ್ನೋ ಹಿಡಿದು, ಧರ್ಮವೆಂದರೇನು, ರಾಜನ ಕರ್ತವ್ಯವೇನು ಎಂದು ಇಡೀ ರಾತ್ರಿ ಮಾತಿಗೆ ಮಾತು ಕೂಡಿಸಬಲ್ಲವರೂ, ಅದನ್ನು ಬೆಳಗಿನ ತನಕ ಕುಳಿತು ಕೇಳಬಲ್ಲ ಸಭೆಯೂ ಇರುವ ಸೀಮೆಯಿದು. ಇಂಥ ಜನಕ್ಕೆ ತತ್ತ್ವಗ್ರಂಥವನ್ನು ಓದುವ ಶಕ್ತಿಯಿಲ್ಲವೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಶಕ್ತಿಯಿದೆ, ಪುಸ್ತಕ ಬರುವ ದಾರಿಯಿಲ್ಲ.

ದಾರಿಯಿಲ್ಲದೆ ಹೋದರೆ ಏನಾಗುವುದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯ ಮೂಡಬಿದಿರೆಗೆ ಹೋದರೆ ಸಾಕು. ಅಲ್ಲಿಯ ಸಾವಿರ ಕಂಬದ ಬಸದಿಯನ್ನು ನೋಡದವರು ನಮ್ಮ ವಾಚಕರಲ್ಲಿ ಇರಲಾರರು. ಆದರೆ ಅದೇ ಊರಿನ ಗುರುಬಸದಿಯನ್ನು ಸಿದ್ಧಾಂತ ಬಸದಿಯೆಂದು ಏಕೆ ಕರೆಯುತ್ತಾರೆಂಬುದನ್ನು ಬಲ್ಲವರು ಕಡಮೆ. ದಿಗಂಬರ ಜೈನರಿಗೆ ಪರಮಪ್ರಮಾಣವಾದ ಷಟ್‌ಖಂಡಾಗಮ, ಕಷಾಯಪ್ರಾಭೃತಗಳು ತಮ್ಮ ಟೀಕೆಗಳೊಡನೆ ಉಳಿದುಬಂದದ್ದು ಅಲ್ಲಿಯ ತಾಳೆಯೋಲೆಗಳಲ್ಲಿ. ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳು ಪ್ರಾಕೃತದಲ್ಲಿ ರಚಿಸಿದ ಸೂತ್ರಗ್ರಂಥವೇ ಷಟ್‌ಖಂಡಾಗಮ. ಅದರ ಮೊದಲ ಐದು ಖಂಡಗಳಿಗೆ ಒಂಬತ್ತನೆಯ ಶತಮಾನದ ಆರಂಭದ ವೇಳೆಗೆ ವೀರಸೇನರು ಬರೆದ ಟೀಕೆ ಧವಲಾ. ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿ ಅವರ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ ಟೀಕೆ ಜಯಧವಲಾ. ಆರನೆಯ ಖಂಡವಾದ ಮಹಾಬಂಧವೇ ಜನರ ಬಾಯಲ್ಲಿ ಮಹಾಧವಲವಾಗಿದೆ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳೆಗನ್ನಡದ್ದು. ಮಹಾಬಂಧದ ಓಲೆಯ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಸಾಧ್ವಿಯು ತನ್ನ ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳೆಂದು ಅದರ ಪ್ರಶಸ್ತಿಯೇ ಹೇಳುತ್ತದೆ. ಬೇರೆಲ್ಲಿಯೂ ಉಳಿಯದೆ ಹೋದ ಗ್ರಂಥ ಇಂಥ ಒಂದು ನೋಂಪಿಯ ಪುಣ್ಯದಿಂದ ನಮ್ಮ ಜಿಲ್ಲೆಯಲ್ಲಿ ಉಳಿಯಿತು.

ಹೀಗೆ ಉಳಿದ ಗ್ರಂಥ ಓದಲ್ಪಡುತ್ತಿತ್ತೇ ಎಂದರೆ, ಇಲ್ಲ. ಅದಕ್ಕೆ ಪೂಜೆ ನಡೆಯುತ್ತಿತ್ತು. ಯಾತ್ರಿಕರಿಗೆ ದೂರದಿಂದ ದರ್ಶನ ದೊರೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಮಾಣಿಕಚಂದ್, ಸೊಲ್ಲಾಪುರದ ಹಿರಾಚಂದ್ ನೇಮಚಂದ್ ಮೊದಲಾದ ಶ್ರೀಮಂತರು ಯಾತ್ರೆಗೆ ಬಂದು ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಪ್ರತಿಮಾಡಿಸಲು ಹಣವನ್ನು ಕೂಡಿಸಿದರು. 1896ರ ಸುಮಾರಿಗೆ ಮೊದಲಾದ ಆ ಕೆಲಸ ಕಾಲು ಶತಮಾನ ನಡೆಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಪ್ರತಿಮಾಡುವವರು. ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೋಗಕೂಡದೆಂಬುದು ನಿಬಂಧನೆ. ಉಪಾಧ್ಯಾಯರು ಹಗಲು ಅಧಿಕಾರಿಗಳಿಗಾಗಿ ಒಂದು ಪ್ರತಿಯನ್ನು ಬರೆಯುತ್ತ, ಮನೆಯಲ್ಲಿ ತಮ್ಮ ಪತ್ನಿಯ ಸಹಾಯದಿಂದ ಗುಟ್ಟಾಗಿ ಇನ್ನೊಂದನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸಿಕೊಂಡರು. ಅದು ಉತ್ತರದ ಸಹಾರಣಪುರವನ್ನು ಸೇರಿತು. ಅಲ್ಲಿ ನಾಗರೀ ಲಿಪಿಗೆ ಇಳಿಯಿತು. ಆ ನಾಗರೀ ಪ್ರತಿಯಿಂದಲೂ ಇನ್ನೊಬ್ಬರು ತಮಗೊಂದು ಪ್ರತಿಯನ್ನು ಉಳಿಸಿಕೊಂಡರು. ಹೀಗೆ ಗುಟ್ಟಿನಿಂದ ಗುಟ್ಟಿಗೆ ಹರಿದ ಗ್ರಂಥವನ್ನು ಕೊನೆಗೆ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು ಪಂಡಿತರ ನೆರವಿನಿಂದ ಹಿಂದೀ ಅನುವಾದದೊಡನೆ ಅಚ್ಚುಹಾಕಿಸತೊಡಗಿದರು. ಧವಲಾದ ಮೊದಲ ಸಂಪುಟ ಬಂದದ್ದು 1939ರಲ್ಲಿ. ಹದಿನಾರನೆಯದು ಮುಗಿದದ್ದು 1959ರಲ್ಲಿ. ನಿಬಂಧನೆಯನ್ನು ಮುರಿದ ಉಪಾಧ್ಯಾಯರ ನಡತೆ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಮ್ಮ ಮಟ್ಟಿಗೆ, ಆ ದಂಪತಿಗಳ ದೀಪದ ಎಣ್ಣೆ ವ್ಯರ್ಥವಾಗಲಿಲ್ಲವೆಂದಷ್ಟು ಹೇಳುವೆವು.

ಈ ಅಚ್ಚಿನ ಕೆಲಸದ ನಡುವೆ ಒಂದು ಪದದ ಪ್ರಸಂಗ ನಡೆಯಿತು. ಅದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮೊದಲ ಖಂಡವಾದ ಜೀವಸ್ಥಾನದ ತೊಂಬತ್ತಮೂರನೆಯ ಸೂತ್ರ ಮನುಷ್ಯಸ್ತ್ರೀಯ ಆತ್ಮವು ಏರಬಹುದಾದ ಗುಣಸ್ಥಾನಗಳನ್ನು ಹೇಳುವಂಥದು. ಕೈಗೆ ಸಿಕ್ಕಿದ ಪ್ರತಿಗಳಲ್ಲಿ ಆ ಪಟ್ಟಿ ಗೃಹಸ್ಥವ್ರತಿಯ ಮೆಟ್ಟಿಲಿಗೇ ನಿಂತಿತ್ತು. ಆದರೆ ಅದೇ ಸೂತ್ರದ ಕೆಳಗೆ ವೀರಸೇನರು ಒಂದು ಆಕ್ಷೇಪವನ್ನು ಎತ್ತಿ ಉತ್ತರ ಕೊಟ್ಟಿದ್ದಾರೆ: ಈ ಆಗಮವಾಕ್ಯದಿಂದಲೇ ಸ್ತ್ರೀಶರೀರಕ್ಕೆ ಮೋಕ್ಷ ಸಿದ್ಧವಾಗಲಿಲ್ಲವೇ ಎಂಬುದು ಆಕ್ಷೇಪ, ಇಲ್ಲ, ವಸ್ತ್ರವನ್ನುಟ್ಟವರಿಗೆ ಪೂರ್ಣಸಂಯಮವಿಲ್ಲ, ಇಲ್ಲಿ ಹೇಳಿದ್ದು ಭಾವದಿಂದ ಸ್ತ್ರೀಯಾದವರನ್ನು, ದೇಹದಿಂದಲ್ಲ ಎಂಬುದು ಉತ್ತರ. ಸೂತ್ರವು ಗೃಹಸ್ಥವ್ರತಿಗೇ ನಿಲ್ಲುವುದಾದರೆ ಆಕ್ಷೇಪಕ್ಕೆ ಎಡೆಯೆಲ್ಲಿ? ಇಲ್ಲದ ರೋಗಕ್ಕೆ ಯಾರೂ ಔಷಧ ಅರೆಯುವುದಿಲ್ಲ. ಆದುದರಿಂದ ‘ಸಂಜದ’ ಎಂಬ ಪದ, ಎಂದರೆ ಸಂಯತ, ಪೂರ್ಣಸಂಯಮಿ ಎಂಬುದು, ಅಲ್ಲಿ ಬಿಟ್ಟುಹೋಗಿದೆಯೆಂದು ಸಂಪಾದಕರು ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪಂಡಿತವರ್ಗದಲ್ಲಿ ಕೋಲಾಹಲವೆದ್ದಿತು. ಸ್ತ್ರೀಗೆ ಆ ಜನ್ಮದಲ್ಲಿಯೇ ಮೋಕ್ಷವಿಲ್ಲವೆಂಬುದು ದಿಗಂಬರರ ನಿಲುವು, ಉಂಟೆಂಬುದು ಶ್ವೇತಾಂಬರರದು. ಒಂದು ಪದ ಇದ್ದರೆ ಒಂದು ಕಡೆ, ಇಲ್ಲದಿದ್ದರೆ ಇನ್ನೊಂದು ಕಡೆ ವಾದದ ತಕ್ಕಡಿ ಬಾಗುವಂತೆ ತೋರಿತು. ಉತ್ತರದ ಹಿಂದೀ ಪತ್ರಿಕೆಗಳಲ್ಲಿ ಕಾಗದದ ಮೇಲೆ ಕಾಗದ ಹರಿದುವು.

ನಿರ್ಣಯ ಆದದ್ದು ಎಲ್ಲಿ? ಮೂಡಬಿದಿರೆಯಲ್ಲಿ. ಅಷ್ಟರಲ್ಲಿ ಅಲ್ಲಿಯ ಮಠ ಉದಾರವಾಗಿ ಮೂಲ ಓಲೆಗಳೊಡನೆ ಅಚ್ಚಿನ ಪಾಠವನ್ನು ತಾಳೆನೋಡಲು ಸಮ್ಮತಿಸಿತ್ತು. ಪಂಡಿತ ಲೋಕನಾಥ ಶಾಸ್ತ್ರಿಗಳು ಮೊದಲಾದವರು ಹಳೆಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಓದಿ ಪಾಠಭೇದಗಳನ್ನು ಬರೆದು ಕಳುಹಿದರು. ಓಲೆಯಲ್ಲಿ ‘ಸಂಜದ’ ಇತ್ತು. ಪ್ರತಿಯಿಂದ ಪ್ರತಿಗೆ ಇಳಿಯುವಾಗ ಯಾರದೋ ಲೇಖನಿಯಿಂದ ಅದು ಜಾರಿಹೋಗಿತ್ತು. ಇದರಿಂದ ಮತಭೇದ ಮುಗಿಯಲಿಲ್ಲ, ವೀರಸೇನರ ಸಮಾಧಾನ ಅವರ ಪಂಥದವರಿಗೆ ಇಂದಿಗೂ ಸಮಾಧಾನವೇ. ಆದರೆ ವಾದ ಇನ್ನು ಗ್ರಂಥದ ಪಾಠದ ಮೇಲೆ ನಡೆಯಬೇಕಾಗಿರಲಿಲ್ಲ, ಅರ್ಥದ ಮೇಲೆ ನಡೆಯಬಹುದಾಗಿತ್ತು. ವಿಚಾರಕ್ಕೆ ಇಷ್ಟಾದರೆ ಅದೇ ದೊಡ್ಡ ಲಾಭ.

ಈ ಪ್ರಸಂಗವನ್ನು ಲೋಕದ ವಿದ್ವಾಂಸರಿಗೆ ವಿಶದವಾಗಿ ತಿಳಿಸಿದವರಲ್ಲಿ ಮುಖ್ಯರು ಯಾರೆಂದು ವಿಚಾರಿಸಿದರೆ ಇನ್ನೊಂದು ಆಶ್ಚರ್ಯ ಕಾದಿದೆ. ಅವರು ಮೂಡಬಿದಿರೆಗೆ ಸಮೀಪದ ನೆಲ್ಲಿಕಾರಿನಲ್ಲಿ 1923ರಲ್ಲಿ ಹುಟ್ಟಿದ ಪದ್ಮನಾಭ ಶ್ರೀವರ್ಮ ಜೈನಿಯವರು. ಕಾಶಿಯಲ್ಲಿಯೂ ಲಂಡನ್ನಿನಲ್ಲಿಯೂ ಕಲಿಸಿ, ಕೊನೆಗೆ ಅಮೆರಿಕದ ಬರ್ಕ್ಲಿಯಲ್ಲಿ ನೆಲಸಿ, 2021ರಲ್ಲಿ ತೀರಿಕೊಂಡ ಈ ಮಹನೀಯರು ಬೌದ್ಧ, ಜೈನ ಶಾಸ್ತ್ರಗಳೆರಡರಲ್ಲಿಯೂ ಲೋಕಮಾನ್ಯರಾಗಿದ್ದರು. 1979ರಲ್ಲಿ ಅವರು ಜೈನಧರ್ಮವನ್ನು ಕುರಿತು ಬರೆದ ಪುಸ್ತಕ ಇಂದಿಗೂ ಪಾಶ್ಚಾತ್ಯ ವಿದ್ಯಾರ್ಥಿಗಳ ಮೊದಲ ಪಾಠ. 1991ರಲ್ಲಿ ಹೊರಬಂದ ‘ಜೆಂಡರ್ ಆಂಡ್ ಸಾಲ್ವೇಶನ್’ ಎಂಬುದರಲ್ಲಿ ಅವರು ಸ್ತ್ರೀಮುಕ್ತಿಯ ವಾದವನ್ನು ಎರಡು ಸಾವಿರ ವರುಷಗಳ ಉದ್ದಕ್ಕೂ ಹಿಂಬಾಲಿಸಿ, ಮೂಲಗಳನ್ನು ಅನುವಾದಿಸಿ ಕೊಟ್ಟಿರುವರು. ಅವುಗಳಲ್ಲಿ ಶಾಕಟಾಯನನ ‘ಸ್ತ್ರೀನಿರ್ವಾಣಪ್ರಕರಣ’ ನಮಗೆ ವಿಶೇಷವಾಗಿ ಪ್ರಸ್ತುತ. ಶಾಕಟಾಯನನು ಯಾಪನೀಯ ಸಂಘದವನು; ಕರ್ನಾಟಕದಲ್ಲಿ ಮೆರೆದು ಅನಂತರ ಅಳಿದ ಆ ಸಂಘದ ಮುನಿಗಳು ದಿಗಂಬರರಂತೆ ನಗ್ನರಾಗಿದ್ದೂ ಸ್ತ್ರೀಗೆ ಮೋಕ್ಷವುಂಟೆಂದು ವಾದಿಸಿದರು. ಅವನ ಕಾಲ ರಾಷ್ಟ್ರಕೂಟ ಅಮೋಘವರ್ಷನದು. ತನ್ನ ವ್ಯಾಕರಣದ ವೃತ್ತಿಗೆ ಆ ರಾಜನ ಹೆಸರನ್ನೇ ಇಟ್ಟಿದ್ದಾನೆ.

ಇಲ್ಲಿ ವಾಚಕರು ಒಂದು ಗಳಿಗೆ ನಿಂತು ಯೋಚಿಸಬೇಕೆಂದು ಕೋರುತ್ತೇವೆ. ಮಳಖೇಡದ ಒಂದೇ ಅರಸನ ಆಶ್ರಯದಲ್ಲಿ, ಒಂದೇ ತಲೆಮಾರಿನಲ್ಲಿ, ಸ್ತ್ರೀಗೆ ಮುಕ್ತಿಯಿಲ್ಲವೆಂಬ ಪಂಥದ ಜಿನಸೇನರು ಜಯಧವಲವನ್ನು ಮುಗಿಸಿದರು. ಮುಕ್ತಿಯುಂಟೆಂಬ ಶಾಕಟಾಯನನು ಪ್ರಕರಣವನ್ನು ಬರೆದನು. ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿತು. ಧವಲಾದಲ್ಲಿಯೇ ಅಡಗಿರುವ ಗಣಿತವನ್ನು ಕುರಿತು ಲಖ್ನೋ ವಿಶ್ವವಿದ್ಯಾನಿಲಯದ ಅವಧೇಶ ನಾರಾಯಣ ಸಿಂಗರು ಅಚ್ಚಾದ ನಾಲ್ಕನೆಯ ಸಂಪುಟಕ್ಕೆ ಒಂದು ಪ್ರಬಂಧವನ್ನು ಬರೆದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ: ಮೂವತ್ತೆರಡಕ್ಕೆ ಐದು, ಅರುವತ್ತನಾಲ್ಕಕ್ಕೆ ಆರು. ಇಂದಿನ ಕಾಲೇಜಿನಲ್ಲಿ ಲಾಗರಿದಮ್ ಎಂದು ಕಲಿಸುವ ಲೆಕ್ಕವಿದು. ಆತ್ಮಗಳ ಸಂಖ್ಯೆಯನ್ನು ಅಳೆಯಲು ಮುನಿಗಳು ಇದನ್ನು ಬಳಸಿದರು. ಇಂಥ ಕಾಲವನ್ನು ಅಥೆನ್ಸ್ ನಗರದ ಕಾಲದಂತೆ ವರ್ಣಿಸಿ ಬರೆದ ಪುಸ್ತಕ ಪ್ರತಿಯೊಂದು ಹೈಸ್ಕೂಲಿನ ಕಪಾಟಿನಲ್ಲಿಯೂ ಇರಬೇಕಿತ್ತು.

ಇರಲಿ. ಓಲೆಯನ್ನು ಉಳಿಸಿದ್ದು ಕನ್ನಡ ಲಿಪಿ, ಕಾಪಾಡಿದ್ದು ಕನ್ನಡ ಜಿಲ್ಲೆ, ತೊಡಕಿನ ಪದವನ್ನು ಓದಿ ಹೇಳಿದ್ದು ಕನ್ನಡ ಪಂಡಿತರು, ಲೋಕಕ್ಕೆ ಸಾರಿದ್ದು ನೆಲ್ಲಿಕಾರಿನ ಮಗ. ಆದರೆ ಗ್ರಂಥ ಮೊದಲು ಬಂದದ್ದು ಹಿಂದಿಗೆ, ಚರ್ಚೆ ನಡೆದದ್ದು ಹಿಂದಿಯಲ್ಲಿ, ಶಾಸ್ತ್ರೀಯ ವಿವೇಚನೆ ಆದದ್ದು ಇಂಗ್ಲಿಷಿನಲ್ಲಿ. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯವರು ಧವಲಾದಿಗಳನ್ನು ಕನ್ನಡಕ್ಕೆ ತರುವ ಮಹತ್ಕಾರ್ಯವನ್ನು ಕೈಗೊಂಡು ಸಂಪುಟಗಳನ್ನು ಹೊರತಂದದ್ದು ನಮ್ಮ ಈ ಶತಮಾನದಲ್ಲಿ. ಅವರಿಗೆ ನಾಡು ಋಣಿಯಾಗಿದೆ. ಆದರೂ ಕೆರೆಯ ದಂಡೆಯಲ್ಲಿರುವವನಿಗೆ ನೀರು ಕೊನೆಯಲ್ಲಿ ಬಂದ ಹಾಗಾಯಿತಲ್ಲವೇ?

ಅದೇ ಕಥೆ ಇಂದಿನ ಹೊಸ ಗ್ರಂಥಗಳ ವಿಷಯದಲ್ಲಿಯೂ ನಡೆಯುತ್ತಲಿದೆ. ವ್ಯಾಸತೀರ್ಥರ ಉದಾಹರಣೆಯನ್ನು ನೋಡಿರಿ. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವಗಳನ್ನು ಬರೆದು ಅದ್ವೈತಿಗಳಿಗೆ ನಿದ್ದೆಯಿಲ್ಲದಂತೆ ಮಾಡಿದ, ಮಧುಸೂದನ ಸರಸ್ವತಿಯಂಥವರಿಂದ ಅದ್ವೈತಸಿದ್ಧಿಯನ್ನು ಬರೆಯಿಸಿಕೊಂಡ ಈ ಯತಿಗಳ ಹೆಸರು ಉಡುಪಿಯ ಆಸುಪಾಸಿನಲ್ಲಿ ಮನೆಮಾತು. ಅವರನ್ನು ಕುರಿತು ವ್ಯಾಲರಿ ಸ್ಟೋಕರ್ ಎಂಬ ಅಮೆರಿಕದ ವಿದುಷಿಯು 2016ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ಪ್ರಕಟಿಸಿದ ಗ್ರಂಥ ಶಾಸ್ತ್ರದ ವಾದಗಳನ್ನೂ ಶಾಸನಗಳನ್ನೂ ಒಟ್ಟಿಗಿಟ್ಟು ಓದುತ್ತದೆ. ಕೃಷ್ಣದೇವರಾಯನು ಮಠಕ್ಕೆ ಗ್ರಾಮಗಳನ್ನು ಕೊಟ್ಟದ್ದು, ಮಠ ವ್ಯಾಸಸಮುದ್ರದಂಥ ಕೆರೆಯನ್ನು ಕಟ್ಟಿಸಿ ಒಣನೆಲಕ್ಕೆ ನೀರುಣಿಸಿದ್ದು, ತಿರುಪತಿಯಲ್ಲಿ ಶ್ರೀವೈಷ್ಣವರೊಡನೆ ಕೂಡಿ ನಡೆದದ್ದು, ಶೃಂಗೇರಿಯ ಪರಂಪರೆಯೊಡನೆ ತರ್ಕದಲ್ಲಿ ಸ್ಪರ್ಧಿಸಿದ್ದು, ಇವೆಲ್ಲ ಒಂದೇ ಬಟ್ಟೆಯ ಹಾಸುಹೊಕ್ಕುಗಳೆಂಬುದು ಆಕೆಯ ಅಭಿಪ್ರಾಯ. ರಾಜಾಶ್ರಯವೇ ಪಂಥಗಳ ಗಡಿಗಳನ್ನು ಸ್ಫುಟಗೊಳಿಸಿತೆಂದೂ ಆಕೆ ಹೇಳುವಳು. ಯತಿಗಳ ಕಾರ್ಯವನ್ನು ಲೆಕ್ಕಪತ್ರದ ಮೂಲಕ ನೋಡುವುದು ಭಕ್ತರಿಗೆ ರುಚಿಸದಿರಬಹುದು. ನಮಗೂ ಕೆಲವೆಡೆ, ಕೆರೆಯ ನೀರನ್ನು ಅಳೆದಷ್ಟು ಎಚ್ಚರಿಕೆಯಿಂದ ನ್ಯಾಯಾಮೃತದ ಆಳವನ್ನು ಅಳೆದಿಲ್ಲವೇನೋ ಎನ್ನಿಸಿತು. ಆ ಕೊರತೆಯನ್ನು ತುಂಬುವಂತೆ, ವ್ಯಾಸತೀರ್ಥರು ಪ್ರಪಂಚದ ಸತ್ಯತ್ವವನ್ನು ಸಾಧಿಸಿದ ಕ್ರಮವನ್ನೇ ವಿಷಯವಾಗಿಟ್ಟುಕೊಂಡು ಮೈಕಲ್ ವಿಲಿಯಮ್ಸ್ ಎಂಬವರು ಈಚೆಗೆ ಒಂದು ಕಠಿನಗ್ರಂಥವನ್ನು ಬರೆದಿದ್ದಾರೆ. ನ್ಯಾಯಾಮೃತವನ್ನು ಗುರುಮುಖದಿಂದ ಪಾಠಹೇಳಿಸಿಕೊಂಡ ಪಂಡಿತರು ನಮ್ಮ ಕರಾವಳಿಯಲ್ಲಿ ಇನ್ನೂ ಇದ್ದಾರೆ. ಅವರು ಈ ಎರಡು ಪುಸ್ತಕಗಳನ್ನು ಓದಿ, ಇದು ಸರಿ, ಇದು ತಪ್ಪು, ಈ ಪಂಕ್ತಿಗೆ ಈ ಅರ್ಥವಲ್ಲವೆಂದು ಹೇಳಿದರೆ ಬರೆದವರಿಗೇ ಉಪಕಾರವಾದೀತು. ಲೋಕನಾಥ ಶಾಸ್ತ್ರಿಗಳಿಂದ ಹೀರಾಲಾಲರಿಗಾದ ಉಪಕಾರ ಇಂಥದೇ.

ರಾಜನೀತಿಯ ಮಾತು ಬೇರೆಯಿಲ್ಲ. ಕೌಟಿಲೀಯ ಅರ್ಥಶಾಸ್ತ್ರವು 1905ರಲ್ಲಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ; 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಭಾರತೀಯರಿಗೆ ವೈರಾಗ್ಯವಲ್ಲದೆ ರಾಜ್ಯಶಾಸ್ತ್ರ ತಿಳಿಯದೆಂಬ ಮಾತನ್ನು ಬಾಯಿಮುಚ್ಚಿಸಿದ ಗ್ರಂಥವದು. ಶತಮಾನದ ಬಳಿಕ 2019ರಲ್ಲಿ ಮಾರ್ಕ್ ಮೆಕ್ಲಿಶ್ ಎಂಬವರು ಅದರ ರಚನೆಯನ್ನು ಪದರ ಪದರವಾಗಿ ಬಿಡಿಸಿ, ಮೂಲತಃ ಅದು ರಾಜ್ಯದ ಕ್ಷೇಮವನ್ನೇ ಪ್ರಮಾಣವಾಗಿ ಹಿಡಿದ ದಂಡನೀತಿಯ ಗ್ರಂಥವಾಗಿತ್ತು, ವರ್ಣಾಶ್ರಮಧರ್ಮವನ್ನು ಮುಂದಿಡುವ ಭಾಗಗಳು ಅನಂತರದ ಸಂಸ್ಕರಣದಲ್ಲಿ ಸೇರಿದುವೆಂದು ವಾದಿಸಿದ್ದಾರೆ. ಈ ವಾದ ನಿಂತರೆ, ರಾಜ್ಯಕ್ಕೂ ಧರ್ಮಕ್ಕೂ ಸಂಬಂಧವೇನೆಂದು ಇಂದು ವೇದಿಕೆಯ ಮೇಲೆ ನಿಂತು ಪ್ರಾಚೀನರ ಹೆಸರಿನಲ್ಲಿ ಆಣೆಯಿಡುವವರೆಲ್ಲ, ಯಾವ ಪಕ್ಷದವರೇ ಆಗಲಿ, ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ. ನಿಲ್ಲದಿದ್ದರೆ ಅದನ್ನು ಕೆಡಹಬೇಕಾದವರೂ ಗ್ರಂಥವನ್ನು ಓದಿಯೇ ಕೆಡಹಬೇಕು. ಎರಡಕ್ಕೂ ಗ್ರಂಥ ಕೈಗೆ ಬರಬೇಕಷ್ಟೆ.

ಶೆಲ್ಡನ್ ಪೊಲಾಕರ 2006ರ ಬೃಹದ್ಗ್ರಂಥವನ್ನು ಕುರಿತು ಇಂಗ್ಲಿಷ್ ಬಲ್ಲವರು ಸಾಕಷ್ಟು ಜಗಳಾಡಿದ್ದಾರೆ. ಸಂಸ್ಕೃತ ಒಂದು ಸಾವಿರ ವರುಷ ರಾಜಾಸ್ಥಾನಗಳ ಲೋಕಭಾಷೆಯಾಗಿದ್ದು ಅನಂತರ ದೇಶಭಾಷೆಗಳಿಗೆ ಎಡೆಗೊಟ್ಟ ಕಥೆಯಲ್ಲಿ ಅವರು ಕನ್ನಡಕ್ಕೂ ಕವಿರಾಜಮಾರ್ಗಕ್ಕೂ ಕೊಟ್ಟಿರುವ ಅಗ್ರಸ್ಥಾನವನ್ನು ಕಂಡು ಹಿಗ್ಗದ ಕನ್ನಡಿಗನಿಲ್ಲ. ಆದರೆ ನುಡಿಯ ಏಳ್ಗೆಯನ್ನೆಲ್ಲ ಅರಸರ ಅಂಗಳದಿಂದಲೇ ನೋಡುವ ಅವರ ದೃಷ್ಟಿ ನಮಗೆ ಪೂರ್ತಿ ಒಪ್ಪಿಗೆಯಾಗದು. ಓದು ಕಲಿಯದ ಜನರೂ ಕಾವ್ಯದಲ್ಲಿ ಪರಿಣತರೆಂದು ಕವಿರಾಜಮಾರ್ಗಕಾರನೇ ಹೊಗಳಿರುವಾಗ ಆ ಜನರ ಪಾಲನ್ನು ಲೆಕ್ಕಕ್ಕೆ ಸೇರಿಸಬೇಡವೇ? ಹರಿಹರನ ರಗಳೆಗಳನ್ನು ಕುರಿತ ಗಿಲ್ ಬೆನ್-ಹೆರುತರ 2018ರ ಪುಸ್ತಕ ಇದಕ್ಕಿಂತ ಕಿರಿದು, ಆದರೆ ಹದವಾದುದು. ಮುಂದಿನ ಶತಮಾನಗಳವರು ಶರಣರಿಗೆ ತೊಡಿಸಿದ ವೇಷವನ್ನು ಬದಿಗಿಟ್ಟು, ಹರಿಹರನು ಕಂಡ ಶರಣರನ್ನು ಹಾಗೆಯೇ ತೋರಿಸಲು ಯತ್ನಿಸಿದೆ. ಅಂದ ಹಾಗೆ, ಅಕ್ಷರಗಳ ಮೇಲೂ ಕೆಳಗೂ ಚುಕ್ಕಿ ಗೆರೆಗಳನ್ನಿಟ್ಟ ರೋಮನ್ ಲಿಪಿಯಲ್ಲಿ ಹರಿಹರನ ರಗಳೆಯನ್ನು ತಡವರಿಸುತ್ತ ಓದುವಾಗ ಕನ್ನಡಿಗನಿಗೆ ಬರುವ ನಗುವನ್ನು ವರ್ಣಿಸುವುದು ಕಷ್ಟ. ತನ್ನ ಮನೆಯನ್ನು ಪರರ ಕಿಟಕಿಯಿಂದ ಇಣುಕಿ ನೋಡಿದಂತೆ.

ಇಷ್ಟಾದ ಮೇಲೆ ಕೆಲವರು ಎರಡು ಆಕ್ಷೇಪಗಳನ್ನು ತರುವರು. ಓದಬಯಸುವ ಅಧಿಕಾರಿಗಳಿಗೂ ವಕೀಲರಿಗೂ ಇಂಗ್ಲಿಷ್ ಬರುವುದಲ್ಲವೇ ಎಂಬುದು ಮೊದಲನೆಯದು. ಕಚೇರಿಯ ಟಿಪ್ಪಣಿಯನ್ನು ಓದುವ ಇಂಗ್ಲಿಷ್ ಬೇರೆ, ತತ್ತ್ವಗ್ರಂಥದೊಡನೆ ಜಗಳಾಡುವ ಇಂಗ್ಲಿಷ್ ಬೇರೆ. ಇದನ್ನು ಆ ಅಧಿಕಾರಿಗಳೇ ಒಪ್ಪುವರು. ಇಂಥ ವಿಷಯಗಳಿಗೆ ಕನ್ನಡದಲ್ಲಿ ಮಾತಿಲ್ಲವೆಂಬುದು ಎರಡನೆಯದು. ಅರ್ಧಚ್ಛೇದ, ಗುಣಸ್ಥಾನ, ಸತ್ಯತ್ವ, ದಂಡನೀತಿ ಎಂಬ ಮಾತುಗಳಿಗೆ ಇಂಗ್ಲಿಷಿನವರು ತಿಣುಕಾಡಿ ಪದ ಹುಡುಕಿರುವಾಗ, ಅವು ತಮ್ಮ ತವರಿಗೆ ಮರಳಿ ಬರುವುದಕ್ಕೆ ಪದವಿಲ್ಲವೆಂದರೆ ನಗೆಗೀಡಾದೀತು. ಡಿ.ವಿ. ಗುಂಡಪ್ಪನವರು ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿಯೇ ಬರೆದು ತೋರಿಸಿದರು. ನಮ್ಮ ನೆರೆಯ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲಪ್ರಪಂಚವನ್ನು ಒಬ್ಬರೇ ಹೊತ್ತರು. ವಿಟ್ಲ ಸೀಮೆಯ ಮುಳಿಯ ತಿಮ್ಮಪ್ಪಯ್ಯನವರು 1938ರಲ್ಲಿ ‘ನಾಡೋಜ ಪಂಪ’ವನ್ನು ಕೊಟ್ಟರು. ಮೂಡಬಿದಿರೆಯ ಕೆ. ಭುಜಬಲಿ ಶಾಸ್ತ್ರಿಗಳು ಅಲ್ಲಿಯ ಮತ್ತು ಸುತ್ತಲಿನ ಭಂಡಾರಗಳ ತಾಡಪತ್ರಗಳ ಸೂಚಿಯನ್ನು ಸಿದ್ಧಪಡಿಸಿದರು. ಅದು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಅಚ್ಚಾಯಿತು. ಇವರಾರಿಗೂ ಮಾತಿನ ಬಡತನವಿರಲಿಲ್ಲ.

ಕನ್ನಡಕ್ಕೆ ಬಂದರೆ ಏನಾಗುವುದೆಂಬುದಕ್ಕೂ ಒಂದು ಸಾಕ್ಷಿಯುಂಟು. ಬೆಲ್ಜಿಯಮಿನ ಗೆಂಟ್ ವಿಶ್ವವಿದ್ಯಾನಿಲಯದಲ್ಲಿದ್ದ ನಮ್ಮವರೇ ಆದ ಎಸ್.ಎನ್. ಬಾಲಗಂಗಾಧರರು 1994ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥ, ‘ರಿಲಿಜನ್’ ಎಂಬ ಕಲ್ಪನೆಯೇ ಕ್ರೈಸ್ತ ದೇವತಾಶಾಸ್ತ್ರದ ಶಿಶುವೆಂದೂ ಅದನ್ನು ಭಾರತಕ್ಕೆ ಅನ್ವಯಿಸುವುದು ತಪ್ಪೆಂದೂ ಸಾಧಿಸಲು ಹೊರಟಿತು. ಅದರ ವಿಚಾರಗಳನ್ನು ರಾಜಾರಾಮ ಹೆಗಡೆಯವರು ‘ಸ್ಮೃತಿ-ವಿಸ್ಮೃತಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದ ಮೇಲೆ ಆದದ್ದೇನು? 2013ರಲ್ಲಿ ವಚನಗಳಿಗೂ ಜಾತಿಗೂ ಸಂಬಂಧವನ್ನು ಕುರಿತು ಅದೇ ವಿಚಾರಧಾರೆಯವರು ಎತ್ತಿದ ಪ್ರಶ್ನೆಯ ಮೇಲೆ ಕನ್ನಡ ದಿನಪತ್ರಿಕೆಯೊಂದರಲ್ಲಿ ವಾರಗಟ್ಟಲೆ ವಾದ ನಡೆಯಿತು. ಮೇಷ್ಟ್ರುಗಳು, ಲೇಖಕರು, ಮಠದವರು, ಸಮಾಜವಾದಿಗಳು ಎಲ್ಲರೂ ಅದರಲ್ಲಿ ಬಿದ್ದರು. ಕೆಲವರ ಭಾಷೆ ಹದ್ದುಮೀರಿತು, ನಿಜ. ಆ ಸಿದ್ಧಾಂತವನ್ನು ನಾವು ಒಪ್ಪುವೆವೆಂದು ಇಲ್ಲಿ ಹೇಳುತ್ತಿಲ್ಲ. ಅದರ ಹಲವು ಮಾತುಗಳಿಗೆ ನಮ್ಮ ತೀವ್ರ ವಿರೋಧವಿದೆ. ಆದರೆ ಬೇಕೆಂದರೆ ವಿರೋಧಿಸಲು ನಮಗೆ ಸಾಧ್ಯವಾಯಿತು, ಅದೇ ಮುಖ್ಯ. ಗೆಂಟಿನಲ್ಲಿಯೇ ಉಳಿದಿದ್ದರೆ ಅದು ನಮ್ಮನ್ನು ಕುರಿತ ತೀರ್ಪಾಗಿರುತ್ತಿತ್ತು, ನಮ್ಮ ಹೇಳಿಕೆಯನ್ನು ಕೇಳದೆ ಕೊಟ್ಟ ತೀರ್ಪು.

ಮಾಡಬೇಕಾದದ್ದು ಬೆಟ್ಟದಷ್ಟಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಪುರಸಭೆಗಳು ಮನೆ ಕಟ್ಟಡಗಳ ತೆರಿಗೆಯೊಡನೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ತೆರಿಗೆಯ ರಸೀತಿಯನ್ನು ತೆಗೆದು ನೋಡಿದರೆ ವಾಚಕರಿಗೆ ಆ ಸಾಲು ಕಾಣಸಿಗುವುದು. ಬಂಟ್ವಾಳ, ಮೂಡಬಿದಿರೆ ಪುರಸಭೆಗಳು ಈ ಹಣವನ್ನು ತಡಮಾಡದೆ ಗ್ರಂಥಾಲಯ ಇಲಾಖೆಗೆ ಕಟ್ಟಿ, ನಮ್ಮ ಜಿಲ್ಲೆಯ ವಿಚಾರಪರಂಪರೆಯನ್ನು ಕುರಿತ ಗ್ರಂಥಗಳಿಗೆ ಒಂದು ಕಪಾಟನ್ನು ಬೇರೆಯಾಗಿ ಇಡುವಂತೆ ಕೇಳಬಹುದು. ಕಾದಂಬರಿಗಳ ಮೇಲೆ ನಮಗೆ ಹಗೆಯಿಲ್ಲ. ಆದರೆ ಸಗಟು ಖರೀದಿಯ ಮೂಟೆಯಲ್ಲಿ ಬಂದದ್ದನ್ನೆಲ್ಲ ಪೇರಿಸುವುದೇ ಗ್ರಂಥಾಲಯವೆಂಬ ಭಾವನೆ ಹೋಗಬೇಕು. ಬೆಂಗಳೂರಿನ ಕುವೆಂಪು ಭಾಷಾ ಭಾರತಿ ಪ್ರಾಧಿಕಾರಕ್ಕೆ ಅನುವಾದವೇ ಉದ್ಯೋಗ. ಅವರ ಮುಂದೆ ಜೈನಿಯವರ ಎರಡು ಪುಸ್ತಕಗಳ ಹೆಸರನ್ನು ಇಡುವ ಹಕ್ಕು ನೆಲ್ಲಿಕಾರಿನವರಿಗೂ ಮೂಡಬಿದಿರೆಯವರಿಗೂ ಎಲ್ಲರಿಗಿಂತ ಹೆಚ್ಚಾಗಿದೆ. 2003ರಲ್ಲಿ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಸಾಹಿತ್ಯ ಸಮ್ಮೇಳನವನ್ನು ಅಷ್ಟು ವೈಭವದಿಂದ ನಡೆಸಿದ ಊರಿಗೆ ಒಂದು ಮನವಿಯನ್ನು ಬರೆದು ಕಳುಹುವುದು ಭಾರವಾಗದು.

ಅನುವಾದವನ್ನು ಒಬ್ಬರ ತಲೆಯ ಮೇಲೆ ಹೊರಿಸಕೂಡದು. ಇಂಗ್ಲಿಷ್ ಬಲ್ಲ ಅಧ್ಯಾಪಕರೊಬ್ಬರು, ಮೂಲಶಾಸ್ತ್ರವನ್ನು ಬಲ್ಲ ಪಂಡಿತರೊಬ್ಬರು ಕೂಡಿ ಕುಳಿತು ಮಾಡಬೇಕು; ಪಂಡಿತರಿಗೆ ಭಿನ್ನಾಭಿಪ್ರಾಯವಿದ್ದಲ್ಲಿ ಪುಟದ ಕೆಳಗೆ ಅವರ ಹೆಸರಿನಲ್ಲಿಯೇ ಟಿಪ್ಪಣಿ ಹಾಕಬೇಕು. ಸ್ಟೋಕರರ ಗ್ರಂಥವನ್ನು ಪ್ರಕಾಶಕರು ಯಾರು ಬೇಕಾದರೂ ಹಣವಿಲ್ಲದೆ ಇಳಿಸಿಕೊಂಡು ಓದುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಬೆಲೆಯ ನೆಪ ಅದಕ್ಕೆ ಸಲ್ಲದು. ಪ್ರಕಾಶಕರ ಒಪ್ಪಿಗೆಯನ್ನು ಕೇಳಿ ವ್ಯಾಸಸಮುದ್ರದ ಕೆರೆಯನ್ನು ಕುರಿತ ಒಂದು ಅಧ್ಯಾಯವನ್ನು ಯಾರಾದರೂ ಕನ್ನಡಕ್ಕೆ ತಂದು, ನ್ಯಾಯಾಮೃತವನ್ನು ಬಲ್ಲವರೊಬ್ಬರ ಟಿಪ್ಪಣಿಯೊಡನೆ ಕಳುಹಿಸಿಕೊಟ್ಟರೆ, ಅದಕ್ಕೆ ಈ ಪುಟದಲ್ಲಿ ಎಷ್ಟು ವಾರ ಬೇಕೋ ಅಷ್ಟು ವಾರ ಸ್ಥಳ ಕೊಡಲು ನಾವು ಸಿದ್ಧರಿದ್ದೇವೆ.